ಓಟದ ಅಭ್ಯಾಸ ಮತ್ತು ವಿಶ್ರಾಂತಿ

ಮಾಧವರಂ ಮಿಲ್ಕ್ ಕಾಲೊನಿಯ ರಸ್ತೆಗಳಲ್ಲಿ ಬೆಳಗಿನ ಐದು ಗಂಟೆಗೆ ಈಚೆಗೆ ಹಾಲಿನ ವಾಹನಗಳಲ್ಲದೆ ಓಡುವ ಜನರೂ ಕಾಣಸಿಗುತ್ತಾರೆ. ಪಶುವೈದ್ಯ ವಿಶ್ವವಿದ್ಯಾನಿಲಯದ ಸುತ್ತಮುತ್ತ ಒಂದಿಷ್ಟು ಮರಗಳಿವೆ. ಹೆದ್ದಾರಿಯ ಕಡೆಯಲ್ಲಿರುವಷ್ಟು ಲಾರಿಗಳ ಕಾಟ ಇಲ್ಲಿಲ್ಲ. ಓಡುವವರಲ್ಲಿ ಬ್ಯಾಂಕಿನ ನೌಕರರಿದ್ದಾರೆ, ನಿವೃತ್ತರಿದ್ದಾರೆ, ಮನೆಗೆಲಸಕ್ಕೆ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬರುವ ಗೃಹಿಣಿಯರಿದ್ದಾರೆ. ನಮ್ಮ ಕನ್ನಡಿಗರೂ ಇದ್ದಾರೆ. ಇವರಾರಿಗೂ ಪದಕದ ಆಸೆಯಿಲ್ಲ. ಒಬ್ಬರಿಗೆ ರಕ್ತದ ಸಕ್ಕರೆ ಇಳಿಯಬೇಕು, ಇನ್ನೊಬ್ಬರಿಗೆ ಹೊಟ್ಟೆ ಕರಗಬೇಕು, ಮತ್ತೊಬ್ಬರಿಗೆ ಜನವರಿಯಲ್ಲಿ ಚೆನ್ನೈ ಮ್ಯಾರಥಾನಿನ ದಿನ ಹತ್ತು ಕಿಲೋಮೀಟರಿನ ಓಟವನ್ನು ಮುಗಿಸಬೇಕು. ಆದರೆ ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: “ಎರಡು ತಿಂಗಳು ಸೊಗಸಾಗಿ ನಡೆಯಿತು, ಮೂರನೆಯ ತಿಂಗಳಲ್ಲಿ ಕಾಲು ಹಿಡಿಯಿತು. ವಯಸ್ಸಾಯಿತೆಂದು ಬಿಟ್ಟುಬಿಡಲೆ?”

ವಯಸ್ಸಿನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಅದಲ್ಲ. ದೇಹದ ಅಂಗಗಳೆಲ್ಲವೂ ಒಂದೇ ವೇಗದಲ್ಲಿ ಅಭ್ಯಾಸಕ್ಕೆ ಒಗ್ಗುವುದಿಲ್ಲ. ಮತ್ತು ಅವು ಒಗ್ಗುವುದು ಓಡುವಾಗಲ್ಲ, ಓಡದಿರುವಾಗ. ಇವೆರಡನ್ನು ತಿಳಿದವರು ಮೂರನೆಯ ತಿಂಗಳನ್ನು ದಾಟಿ ಮುಂದೆ ಹೋಗುತ್ತಾರೆ.

ಸಾಮಾನ್ಯ ಜನರು ಆರೋಗ್ಯಕ್ಕಾಗಿ ಓಡುವ ಪದ್ಧತಿ ಅಷ್ಟೇನೂ ಹಳೆಯದಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಎಂಬ ತರಬೇತುಗಾರನ ಇಬ್ಬರು ಶಿಷ್ಯರು 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದರು. ಅನಂತರ ಆತ ಆಕ್ಲೆಂಡಿನಲ್ಲಿ ಮಧ್ಯವಯಸ್ಕರಿಗೂ, ಹೃದಯಾಘಾತದಿಂದ ಚೇತರಿಸಿಕೊಂಡವರಿಗೂ ನಿಧಾನವಾಗಿ ಓಡುವುದನ್ನು ಕಲಿಸತೊಡಗಿದನು. 1962ರ ಕೊನೆಯಲ್ಲಿ ಅಮೆರಿಕದ ಪ್ರಸಿದ್ಧ ತರಬೇತುಗಾರ ಬಿಲ್ ಬವರ್ಮನ್ ಅಲ್ಲಿಗೆ ಹೋಗಿ ಅವರೊಡನೆ ಓಡಿದಾಗ, ಎಪ್ಪತ್ತು ದಾಟಿದ, ಹೃದಯಾಘಾತವನ್ನು ಕಂಡಿದ್ದ ವೃದ್ಧರೊಬ್ಬರಿಗಿಂತ ತಾನು ಹಿಂದುಳಿದುದನ್ನು ಕಂಡು ಬೆರಗಾದನಂತೆ. ಆಗ ಆತನ ವಯಸ್ಸು ಐವತ್ತೊಂದು. 1967ರಲ್ಲಿ ಆತ ಒಬ್ಬ ಹೃದ್ರೋಗತಜ್ಞರೊಡನೆ ಸೇರಿ ಈ ವಿಷಯವಾಗಿ ಪುಸ್ತಕ ಬರೆದನು. ಮರುವರ್ಷ ವೈದ್ಯ ಕೆನೆತ್ ಕೂಪರನ ಪುಸ್ತಕವೂ ಹೊರಬಂದು, ಏರೋಬಿಕ್ಸ್ ಎಂಬ ಮಾತು ಲೋಕಕ್ಕೆಲ್ಲ ಪರಿಚಯವಾಯಿತು. ಲಿಡಿಯರ್ಡನ ಕ್ರಮದ ತಿರುಳು ಇಷ್ಟೇ: ಜೊತೆಗಾರನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವ ವೇಗದಲ್ಲಿ ಓಡಬೇಕು, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಇಂದಿನ ಸ್ಮಾರ್ಟ್ ವಾಚುಗಳು ನಾಡಿಯನ್ನು ಎಣಿಸಿ ಬಣ್ಣ ಬಣ್ಣದ ಎಚ್ಚರಿಕೆ ಕೊಡುತ್ತವೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ನಾಡಿಮಿಡಿತ ಎಂಬ ಸೂತ್ರವೂ ಬಳಕೆಯಲ್ಲಿದೆ. ಆದರೆ ಅದು ಬರಿಯ ಸರಾಸರಿ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಮಿಡಿತಗಳ ವ್ಯತ್ಯಾಸ ಸಹಜ. ಮಾತಿನ ಪರೀಕ್ಷೆಯೇ ನಮ್ಮಂಥವರಿಗೆ ಹೆಚ್ಚು ನಂಬಿಕೆಗೆ ಅರ್ಹವಾದುದೆಂದು ನನ್ನ ಅಭಿಪ್ರಾಯ.

ಇನ್ನು ದೇಹದೊಳಗಿನ ಸಂಗತಿ. ಓಟ ಆರಂಭಿಸಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ. ಹೃದಯವು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ನಾಲ್ಕರಿಂದ ಆರು ವಾರಗಳಲ್ಲಿ ಮಾಂಸಖಂಡಗಳೊಳಗೆ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳು ವೃದ್ಧಿಯಾಗುತ್ತವೆ. ಕೂದಲೆಳೆಗಿಂತ ಸೂಕ್ಷ್ಮವಾದ ಹೊಸ ರಕ್ತನಾಳಗಳು ಚಿಗುರುತ್ತವೆ. ಏದುಸಿರು ನಿಂತು, ಓಟ ಹಗುರವೆನಿಸಿ, ಮನುಷ್ಯನಿಗೆ ಧೈರ್ಯ ಬರುವುದು ಆಗಲೇ. ಆದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ. ಅವು ಗಟ್ಟಿಯಾಗಲು ತಿಂಗಳುಗಳು ಬೇಕು. ಮೂಳೆಯದು ಇನ್ನೂ ವಿಚಿತ್ರ. ಹೊಸ ಭಾರಕ್ಕೆ ಒಗ್ಗಿಕೊಳ್ಳುವ ಮುನ್ನ ಅದು ತನ್ನ ಹಳೆಯ ಭಾಗವನ್ನು ಮೊದಲು ತಾನೇ ಕರಗಿಸಿಕೊಳ್ಳುತ್ತದೆ. ಈ ಕರಗುವಿಕೆಗೆ ಸುಮಾರು ಮೂರು ವಾರ. ಆ ಜಾಗವನ್ನು ಹೊಸ ಮೂಳೆಯಿಂದ ತುಂಬಿಸಲು ಸುಮಾರು ಮೂರು ತಿಂಗಳು. ಮನೆಯ ಹಳೆಯ ಗೋಡೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಮಧ್ಯೆ ಕೆಲಕಾಲ ಮನೆ ದುರ್ಬಲವಾಗಿರುವಂತೆ, ಆ ಅವಧಿಯಲ್ಲಿ ಮೂಳೆಯೂ ಕೊಂಚ ದುರ್ಬಲವಾಗಿರುತ್ತದೆ. ಉಸಿರು “ಇನ್ನೂ ಓಡು” ಎನ್ನುತ್ತಿರುವಾಗ ಮೂಳೆ ಇನ್ನೂ ಸಿದ್ಧವಾಗಿರುವುದಿಲ್ಲ. ಮೂರನೆಯ ತಿಂಗಳ ನೋವಿನ ಗುಟ್ಟು ಇದೇ.

ಭಾರವೆಂದರೆ ಎಷ್ಟು? ನಿಧಾನಗತಿಯಲ್ಲಿ ಐದು ಕಿಲೋಮೀಟರ್ ಓಡಿದರೆ ಸುಮಾರು ಆರು ಸಾವಿರ ಹೆಜ್ಜೆಗಳಾಗುತ್ತವೆ. ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಅಂದರೆ 65 ಕಿಲೋ ತೂಗುವವರ ಒಂದೊಂದು ಕಾಲೂ 130 ಕಿಲೋಗೆ ಮೀರಿದ ಹೊರೆಯನ್ನು ಮೂರು ಸಾವಿರ ಬಾರಿ ಹೊರಬೇಕು. ಸ್ನಾಯುರಜ್ಜುವಿನಲ್ಲಿ ವ್ಯಾಯಾಮದ ಅನಂತರ ಮೊದಲ ಒಂದೂವರೆ ದಿನದವರೆಗೆ ಸವೆತವೇ ಹೆಚ್ಚು, ಅಲ್ಲಿಂದ ಮುಂದೆ ಕಟ್ಟುವಿಕೆ ಮೇಲುಗೈ ಪಡೆಯುತ್ತದೆ ಎಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ಆದುದರಿಂದ ಹೊಸಬರು ದಿನವೂ ಓಡಿದರೆ ಪ್ರತಿಸಲವೂ ಸವೆತದ ಗಳಿಗೆಯಲ್ಲೇ ಮತ್ತೆ ಹೊರೆ ಹೇರಿದಂತಾಗುತ್ತದೆ. ದಿನ ಬಿಟ್ಟು ದಿನ ಓಡಬೇಕೆಂಬ ಸಲಹೆಗೆ ಇದೇ ಆಧಾರ. ನಮ್ಮ ಗರಡಿಮನೆಗಳ ಉಸ್ತಾದರಿಗೆ ಈ ಅಳತೆಗಳೊಂದೂ ತಿಳಿದಿರಲಿಲ್ಲ. ಆದರೂ ಸಾಮಿಗೆ ಕೊಟ್ಟಷ್ಟೇ ಗಮನವನ್ನು ಅವರು ಮೈನೀವುವುದಕ್ಕೂ ಊಟಕ್ಕೂ ನಿದ್ರೆಗೂ ಕೊಡುತ್ತಿದ್ದರು.

ಎಲ್ಲ ನೋವೂ ಅಪಾಯದ್ದಲ್ಲ. ಓಡಿದ ಮರುದಿನ, ಅದರ ಮರುದಿನ ತೊಡೆ ಮೀನಖಂಡಗಳೆರಡರಲ್ಲೂ ಹರಡಿಕೊಂಡು ಬರುವ ನೋವು ಮಾಂಸಖಂಡದ ಎಳೆಗಳಲ್ಲಾದ ಸೂಕ್ಷ್ಮ ಗಾಸಿಯಿಂದ ಬರುವುದು. ಮೂರು ನಾಲ್ಕು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂಬ ನಂಬಿಕೆ ಇನ್ನೂ ಪ್ರಚಲಿತವಾಗಿದೆ. ಆ ಆಮ್ಲವಾದರೋ ಓಟ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಮಾಯವಾಗಿರುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಒಂದೇ ಕಾಲಿನಲ್ಲಿ, ಅದರಲ್ಲೂ ಕಣಕಾಲಿನ ಎಲುಬಿನ ಮೇಲೋ ಪಾದದ ಮೇಲೋ ನೋವಿದ್ದು, ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಅದು ಬೇರೆ ಜಾತಿಯದು. ಅಂಥಾದ್ದಕ್ಕೆ ಮುಲಾಮು ಹಚ್ಚಿ ಓಡದೆ ಮೂಳೆಯ ವೈದ್ಯರಲ್ಲಿಗೆ ಹೋಗತಕ್ಕದ್ದು.

ವಾರಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ದೂರ ಸೇರಿಸಬಾರದೆಂಬ ನಿಯಮವನ್ನು ಅನೇಕರು ಕೇಳಿರಬಹುದು. 2008ರಲ್ಲಿ ನೆದರ್ಲೆಂಡಿನ ಸಂಶೋಧಕರು 532 ಮಂದಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ನಿಯಮ ಪಾಲಿಸಿದವರಲ್ಲಿಯೂ ಪಾಲಿಸದವರಲ್ಲಿಯೂ ಐವರಲ್ಲಿ ಒಬ್ಬರಂತೆ ಗಾಯಗೊಂಡರು! 2025ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ಓಟಗಾರರ ಇನ್ನೊಂದು ಅಧ್ಯಯನ ವಿಷಯವನ್ನು ಸ್ವಲ್ಪ ತಿಳಿಗೊಳಿಸಿದೆ: ಕೆಡುಕು ಬರುವುದು ವಾರದ ಒಟ್ಟು ಲೆಕ್ಕಕ್ಕಿಂತ ಮಿಗಿಲಾಗಿ, ಕಳೆದ ತಿಂಗಳಲ್ಲಿ ಎಂದೂ ಓಡದಷ್ಟು ದೂರವನ್ನು ಒಂದೇ ದಿನ ಓಡಿಬಿಡುವುದರಿಂದ. ಭಾನುವಾರ ಗೆಳೆಯರ ಉತ್ಸಾಹಕ್ಕೆ ಕಟ್ಟುಬಿದ್ದು ಐದರಿಂದ ಹತ್ತಕ್ಕೆ ಜಿಗಿಯುವವರು ಇದನ್ನು ಗಮನಿಸಬೇಕು.

ಚೆನ್ನೈಯಲ್ಲಿ ಓಡುವವರಿಗೆ ಇವೆಲ್ಲಕ್ಕೂ ಮೇಲೆ ಸೆಕೆಯ ತೆರಿಗೆಯೊಂದಿದೆ. ನಮ್ಮವರಲ್ಲಿ ಬಹುಮಂದಿ ಮೈಸೂರು, ಹಾಸನ, ಬೆಂಗಳೂರುಗಳಂಥ ಎತ್ತರದ ಸೀಮೆಯಿಂದ ಬಂದವರು. ಚೆನ್ನೈಯ ಜನವರಿಯ ಬೆಳಗಿನ ಕನಿಷ್ಠ ಉಷ್ಣತೆ ಸುಮಾರು 21 ಡಿಗ್ರಿ. ಬೆಂಗಳೂರಿನಲ್ಲಿ ಕಡುಬೇಸಿಗೆಯ ಮೇ ತಿಂಗಳ ಬೆಳಗಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ! ಇಲ್ಲಿಯ ಮೇ ತಿಂಗಳ ಬೆಳಗಾದರೆ 28. ಉಷ್ಣತೆಯೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಬೆವರು ಆವಿಯಾಗಿ ಹೋದರೆ ಮಾತ್ರ ಮೈ ತಣಿಯುತ್ತದೆ. ಒಂದು ಲೀಟರ್ ಬೆವರು ಆವಿಯಾಗುವಾಗ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಸಮುದ್ರತೀರದ ತೇವದ ಗಾಳಿಯಲ್ಲಿ ಅದು ಆವಿಯಾಗದೆ ತೊಟ್ಟಿಕ್ಕಿಬಿಡುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ನೀರು, ಉಪ್ಪು ನಷ್ಟವಾದುವೇ ಹೊರತು ತಂಪಾಗಲಿಲ್ಲ. ಹೃದಯವಾದರೋ ಮಾಂಸಖಂಡಗಳಿಗೂ ಚರ್ಮಕ್ಕೂ ಏಕಕಾಲದಲ್ಲಿ ರಕ್ತ ಹಂಚಬೇಕಾಗಿ, ಅದೇ ವೇಗಕ್ಕೆ ಹೆಚ್ಚು ಬಾರಿ ಮಿಡಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ವೇಗ ಇಳಿದರೆ ಅಭ್ಯಾಸ ಕೆಟ್ಟಿತೆಂದು ಕೊರಗಬೇಕಾಗಿಲ್ಲ. ಇಲ್ಲಿ ಅಭ್ಯಾಸ ಮಾಡಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೋಗುವವರಿಗೆ ಅಲ್ಲಿಯ ಗಾಳಿ ವರದಂತೆ ತೋರುವುದು ಇದೇ ಕಾರಣಕ್ಕೆ.

ಸೆಕೆಗೂ ದೇಹ ಒಗ್ಗುತ್ತದೆ. ಹತ್ತರಿಂದ ಹದಿನಾಲ್ಕು ದಿನ ಮಿತವಾಗಿ ಓಡಿದರೆ ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದರೆ ಈ ಸಂಪಾದನೆ ಎರಡು ಮೂರು ವಾರ ಬಳಸದಿದ್ದರೆ ಕರಗಿಹೋಗುತ್ತದೆ. ಮಕ್ಕಳ ರಜೆಗೆಂದು ಊರಿಗೆ ಹೋಗಿ, ಮಲೆನಾಡಿನ ತಂಪಿನಲ್ಲಿ ಒಂದು ತಿಂಗಳು ಕಳೆದು, ಅಗ್ನಿನಕ್ಷತ್ರದ ದಿನಗಳಲ್ಲಿ ಮರಳಿದವರು ಹಳೆಯ ದೂರವನ್ನೇ ಹಳೆಯ ವೇಗದಲ್ಲೇ ಓಡಹೊರಡುವುದು ನಿಜವಾಗಿ ಅಪಾಯಕರ. ಮೊದಲ ವಾರ ಅರ್ಧ ದೂರ ಸಾಕು. ಜೊತೆಯಲ್ಲಿ ಓಡುವವರು ತಡವರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಮೈ ಕೆಂಡದಂತಿದ್ದರೆ, ಅದನ್ನು ಉಷ್ಣಾಘಾತವೆಂದೇ ಭಾವಿಸಿ ಕೂಡಲೇ ನೆರಳಿಗೆ ಕರೆತಂದು, ಮೈತುಂಬ ನೀರು ಸುರಿದು, ಗಾಳಿ ಹಾಕಬೇಕು. ಆಂಬುಲೆನ್ಸಿಗೆ 108ಕ್ಕೆ ಕರೆ ಹೋಗಲಿ. ಅದು ಬರುವ ತನಕ ತಣಿಸುವ ಕೆಲಸ ನಿಲ್ಲಬಾರದು.

ನೀರಿನ ಲೆಕ್ಕಕ್ಕೆ ಮನೆಯ ತೂಕದ ಯಂತ್ರ ಸಾಕು. ಓಡುವ ಮೊದಲು, ಓಡಿ ಬಂದು ಮೈ ಒರೆಸಿಕೊಂಡ ಮೇಲೆ ತೂಗಿ ನೋಡಿದರೆ, ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆಯೆಂದು ಅರ್ಥ. ತೂಕ ಏರಿದ್ದರೆ ಅಗತ್ಯ ಮೀರಿ ಕುಡಿದಿದ್ದೀರಿ. ಅದೂ ಒಳ್ಳೆಯದಲ್ಲ, ರಕ್ತದ ಸೋಡಿಯಂ ಇಳಿಯುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಉತ್ತಮವಾದ ಪಾನೀಯವನ್ನು ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ. ರಕ್ತದೊತ್ತಡವಿರುವವರು ಮಾತ್ರ ಉಪ್ಪಿನ ವಿಷಯದಲ್ಲಿ ವೈದ್ಯರ ಮಾತು ಕೇಳಲಿ. ಆಹಾರದ ಬಗೆಗೂ ಹೆಚ್ಚು ಹೇಳುವುದಿಲ್ಲ. ಮಾಂಸಖಂಡದಲ್ಲಿ ಖರ್ಚಾದ ಪಿಷ್ಟದ ದಾಸ್ತಾನು ತುಂಬಲು ಒಂದು ದಿನ ಬೇಕು. ನಮ್ಮ ಇಡ್ಲಿ, ಉಪ್ಪಿಟ್ಟು, ಬಾಳೆಹಣ್ಣು ಅದಕ್ಕೆ ಸಾಕು. ಬೇಳೆಕಾಳು, ಮೊಸರು ಎರಡು ಹೊತ್ತೂ ಇರಲಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿ ಸುಣ್ಣದಂಶವಿದೆ. ಊರಿನಿಂದ ತಂದ ಹಿಟ್ಟು ಡಬ್ಬದಲ್ಲೇ ಉಳಿದಿದ್ದರೆ ಹೊರತೆಗೆಯಬಹುದು.

ವಾರದಲ್ಲಿ ಮೂರು ದಿನ ಓಟ, ಮೂರು ದಿನ ನಡಿಗೆ, ಒಂದು ದಿನ ಏನೂ ಇಲ್ಲ. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ ನಾಲ್ಕನೆಯ ವಾರ ಮೂರನೆಯ ಒಂದು ಭಾಗ ಇಳಿಸುವುದು: ಉದ್ಯೋಗಸ್ಥರಿಗೆ ಇಷ್ಟು ಧಾರಾಳವಾಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ನಾಡಿಯನ್ನು ಒಂದು ನಿಮಿಷ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಎಂದಿಗಿಂತ ಏಳೆಂಟು ಮಿಡಿತ ಹೆಚ್ಚಿದ್ದರೆ ನಿದ್ರೆ ಸಾಲದು, ಜ್ವರ ಬರಲಿದೆ, ಇಲ್ಲವೆ ಓಟ ಅತಿಯಾಯಿತು. ಆ ದಿನ ನಡೆದರೆ ಸಾಕು. ದೇಹದ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಜಾವಗಳ ಗಾಢ ನಿದ್ರೆಯಲ್ಲಿ. ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಎದ್ದು ಓಡುವವರ ಶಿಸ್ತನ್ನು ಜನ ಹೊಗಳುವುದುಂಟು, ನಾನು ಹೊಗಳಲಾರೆ.

ಕಡೆಯದಾಗಿ ಹೃದಯದ ಮಾತು. ಅಮೆರಿಕದಲ್ಲಿ ಲಕ್ಷಾಂತರ ಜನರನ್ನು ಓಟಕ್ಕೆ ಹಚ್ಚಿದ ಜಿಮ್ ಫಿಕ್ಸ್, 1977ರಲ್ಲಿ ಓಟದ ಬಗೆಗೆ ಬಹು ಜನಪ್ರಿಯವಾದ ಪುಸ್ತಕ ಬರೆದವನು, 1984ರ ಜುಲೈ 20ರಂದು ಓಡುತ್ತಲೇ ಕುಸಿದು ತೀರಿಕೊಂಡನು. ವಯಸ್ಸು 52. ಆತನ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದುವು. ಆತನ ತಂದೆಗೆ ಮೂವತ್ತೈದರಲ್ಲಿ ಹೃದಯಾಘಾತವಾಗಿ, ನಲವತ್ತಮೂರರಲ್ಲಿ ಮರಣ ಬಂದಿತ್ತು. ಓಟವೇ ಕೊಂದಿತೆಂದು ಅನೇಕರು ಅಂದುಕೊಂಡರು. ನಿಜವಾಗಿ, ಓಟ ಅನೇಕ ರೋಗಗಳನ್ನು ದೂರವಿಡುವುದಾದರೂ ಪಿತ್ರಾರ್ಜಿತವನ್ನು ಅಳಿಸಿಹಾಕಲಾರದು. ನಮಗೆ ಇದು ಹೆಚ್ಚು ಮುಖ್ಯ. 52 ದೇಶಗಳ ರೋಗಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯದವರಲ್ಲಿ 53, ಇತರರಲ್ಲಿ 59 ಎಂದು 2007ರಲ್ಲಿ ವರದಿಯಾಯಿತು. ತಂದೆಗೋ ಅಣ್ಣನಿಗೋ ಐವತ್ತೈದರೊಳಗೆ ಹೃದಯಾಘಾತವಾಗಿದ್ದವರು, ಸಕ್ಕರೆ ಕಾಯಿಲೆ ಇಲ್ಲವೆ ರಕ್ತದೊತ್ತಡ ಇರುವವರು, ಧೂಮಪಾನದ ಅಭ್ಯಾಸವಿದ್ದವರು, ನಲವತ್ತು ದಾಟಿ ಹೊಸದಾಗಿ ಓಡಬಯಸುವವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಓಟದ ವೇಳೆಯನ್ನು ವೈದ್ಯರಿಗೆ ತಿಳಿಸಿ, ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಲಿ. ಓಡುವಾಗ ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಅದನ್ನು ಹೊಟ್ಟೆಯ ವಾಯು ಎಂದು ತಳ್ಳಿಹಾಕದೆ ಅಲ್ಲಿಯೇ ನಿಂತು ಸಹಾಯ ಕೇಳತಕ್ಕದ್ದು. ಅದೇ ಜೇಬಿನಲ್ಲಿ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿಗಳು, ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿಯೊಂದಿರಲಿ; ನಮ್ಮ ಹಿರಿಯರು ಅದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಇಲ್ಲಿ ಓದುವವರು ಸಿಗಲಾರರು, ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಸಿಟ್ಟುಕೊಳ್ಳುವುದು ಮೇಲು.