ಪಾಸ್‌ವರ್ಡಿಗೆ ಚಿಟಿಕೆ ಉಪ್ಪು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ಬಳಕೆದಾರರ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಅರೆದು ತೆಗೆದ ಹ್ಯಾಶ್ ಎಂಬ ಅಕ್ಷರಸರಣಿಯನ್ನಷ್ಟೇ ಉಳಿಸಿಕೊಳ್ಳುತ್ತವೆ. ಹ್ಯಾಶ್‌ನಿಂದ ಮೂಲಕ್ಕೆ ಮರಳುವ ದಾರಿಯಿಲ್ಲ. ಲಾಗಿನ್ ವೇಳೆ ಟೈಪಿಸಿದ್ದನ್ನು ಮತ್ತೊಮ್ಮೆ ಅರೆದು, ಎರಡೂ ತಾಳೆಯಾದರೆ ಒಳಗೆ ಬಿಡುತ್ತವೆ.

ಇದರ ಅಡಿಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಮೊದಲಿನ ವಿಧಾನ ತೀರಾ ಚುರುಕಾಗಿತ್ತು, ಅದೇ ಅದರ ದೋಷ. ಬೇಗ ಅರೆಯಬಹುದಾದರೆ ಕಳ್ಳನೂ ಬೇಗಬೇಗ ಊಹೆ ಮಾಡಬಹುದು. ಹಾಗಾಗಿ ಡಿಇಎಸ್ ಗೂಢಲಿಪಿಯನ್ನು 25 ಸಲ ಓಡಿಸಿ ಕೆಲಸವನ್ನು ಬೇಕೆಂದೇ ನಿಧಾನಗೊಳಿಸಲಾಯಿತು. ಜೊತೆಗೆ ‘ಸಾಲ್ಟ್’ ಎಂಬ ಯಾದೃಚ್ಛಿಕ ಬೆರಕೆ ಬಂತು. ಅದರಿಂದ ಒಂದೇ ಪಾಸ್‌ವರ್ಡಿಗೆ 4096 ಬೇರೆಬೇರೆ ರೂಪ ಸಾಧ್ಯವಾಗಿ, ಮೊದಲೇ ಪಟ್ಟಿ ತಯಾರಿಸಿಟ್ಟುಕೊಳ್ಳುವ ಕಳ್ಳನ ಹೊರೆ ಅಷ್ಟುಪಟ್ಟು ಹೆಚ್ಚಿತು. ಮೊದಲ ಎಂಟು ಅಕ್ಷರಗಳಷ್ಟೇ ಲೆಕ್ಕಕ್ಕೆ ಬರುತ್ತಿದ್ದುದು ಮಾತ್ರ ದೊಡ್ಡ ಕೊರತೆ. ಥಾಂಪ್ಸನ್ ಅವರದೇ ಹಳೆಯ ಪಾಸ್‌ವರ್ಡ್ 2019ರಲ್ಲಿ ಬಯಲಾಯಿತು. ಅದು ಚದುರಂಗದ ಒಂದು ನಡೆಯಾಗಿತ್ತು!

ಆ ಕಾಲಕ್ಕೆ ಹ್ಯಾಶ್‌ಗಳು ಎಲ್ಲರೂ ಓದಬಹುದಾದ ಕಡತದಲ್ಲೇ ಇರುತ್ತಿದ್ದವು. ಮುಂದೆ ಅವು ರೂಟ್ ಬಳಕೆದಾರ ಮಾತ್ರ ನೋಡಬಲ್ಲ ‘ಶ್ಯಾಡೋ’ ಕಡತಕ್ಕೆ ಸ್ಥಳಾಂತರಗೊಂಡವು. ಯಂತ್ರಗಳ ವೇಗ ಹೆಚ್ಚಿದಂತೆ ವಿಧಾನಗಳೂ ಬದಲಾದವು. ಎಂಡಿ5 ಆಧಾರಿತ ವಿಧಾನ ಸಾವಿರ ಸುತ್ತು ಅರೆಯಿತು. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗದಿಂದ ಬಂದ ಬಿಕ್ರಿಪ್ಟ್‌ನ ಜಾಣತನ ಬೇರೆ: ಅದರಲ್ಲಿ ಶ್ರಮದ ಅಂಕಿಯನ್ನು ಒಂದು ಏರಿಸಿದರೆ ಕೆಲಸ ಇಮ್ಮಡಿಯಾಗುತ್ತದೆ, ಯಂತ್ರ ಚುರುಕಾದರೆ ಅಂಕಿ ಏರಿಸಿದರಾಯಿತು. ಎಸ್‌ಎಚ್‌ಎ-512 ಆಧಾರಿತ ವಿಧಾನ ತಾನಾಗಿ 5000 ಸುತ್ತು ಹಾಕುತ್ತದೆ. ಡೆಬಿಯನ್ 11 ಆಯ್ದುಕೊಂಡ ಯೆಸ್‌ಕ್ರಿಪ್ಟ್ ಸಮಯದ ಜೊತೆಗೆ ಮೆಮೊರಿಯನ್ನೂ ಧಾರಾಳವಾಗಿ ತಿನ್ನುತ್ತದೆ.

ಟರ್ಮಿನಲ್‌ನಲ್ಲಿ ಇಂಥ ಹ್ಯಾಶ್ ತಯಾರಿಸಲು ಸುಲಭವಾಗಿ ಸಿಗುವುದು ಓಪನ್‌ಎಸ್‌ಎಸ್‌ಎಲ್. ಅದರ ‘passwd’ ಉಪ-ಆಜ್ಞೆಗೆ -6 ಆಯ್ಕೆ ಕೊಟ್ಟರೆ ಎಸ್‌ಎಚ್‌ಎ-512 ಹ್ಯಾಶ್ ಬರುತ್ತದೆ. ಏನೂ ಕೊಡದಿದ್ದರೆ 3.0 ಆವೃತ್ತಿಯಿಂದೀಚೆಗೆ ಹಳೆಯ ಎಂಡಿ5 ಬರುತ್ತದೆ, ಎಚ್ಚರ ಬೇಕು. ಡೆಬಿಯನ್, ಉಬುಂಟುಗಳಲ್ಲಿ ‘mkpasswd’ ಇದೆ. ವಿಚಿತ್ರವೆಂದರೆ ಅದು ‘ಹೂಈಸ್’ ಪ್ಯಾಕೇಜಿನೊಳಗೆ ಅಡಗಿದೆ. ‘ಎಕ್ಸ್‌ಪೆಕ್ಟ್’ ಜೊತೆ ಬರುವ ಅದೇ ಹೆಸರಿನ ಇನ್ನೊಂದು ಸಾಧನ ಹ್ಯಾಶ್ ಮಾಡುವುದಿಲ್ಲ, ಹೊಸ ಪಾಸ್‌ವರ್ಡನ್ನು ಹುಟ್ಟಿಸುತ್ತದೆ.

ಸಿಗುವ ಸಾಲಿನಲ್ಲಿ $ ಚಿಹ್ನೆಗಳ ನಡುವೆ ಮೊದಲು ವಿಧಾನದ ಗುರುತು, ಆಮೇಲೆ ಸಾಲ್ಟ್, ಕೊನೆಗೆ ಹ್ಯಾಶ್ ಇರುತ್ತವೆ. $6$ ಎಂದು ಶುರುವಾದರೆ ಎಸ್‌ಎಚ್‌ಎ-512. ಸಾಲ್ಟ್ ಪ್ರತಿಸಲ ಹೊಸದಾಗಿರುವುದರಿಂದ ಒಂದೇ ಪಾಸ್‌ವರ್ಡಿಗೆ ಎರಡು ಬಾರಿ ಎರಡು ಫಲಿತಾಂಶ ಬಂದರೆ ಗಾಬರಿಪಡಬೇಕಿಲ್ಲ.

ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಬರೆಯುವುದು ಮಾತ್ರ ಸಲ್ಲ. ಅದು ಶೆಲ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ, ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿಯಲ್ಲಿ ಇತರರಿಗೂ ಕಾಣಬಹುದು. ಸಾಧನವೇ ಕೇಳುವವರೆಗೆ ಕಾದು ಟೈಪಿಸುವುದು ಮೇಲು. ಖಾತೆ ತೆರೆಯುವ ಸ್ಕ್ರಿಪ್ಟಿನಲ್ಲಿ ಹ್ಯಾಶನ್ನು ಬಳಸುವಾಗ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಜೋಡಿ ಚಿಹ್ನೆ ಹಾಕಿದರೆ ಶೆಲ್ $6 ಅನ್ನು ಚರಾಂಶವೆಂದು ತಿಳಿದು ನುಂಗಿಬಿಡುತ್ತದೆ. ಖಾತೆ ತಯಾರಾಗುತ್ತದೆ, ಆದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯುವುದಿಲ್ಲ.