ಹಳೆಯ ಕೋಣೆ ಬಿಡುವ ಮುನ್ನ

ನಮ್ಮ ಕರಾವಳಿಯ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಮುಂಬಯಿ ಎಂದರೆ ಭಿಂಡಿ ಬಝಾರ್, ಡೋಂಗ್ರಿ, ಮುಹಮ್ಮದ್ ಅಲಿ ರಸ್ತೆ. ಹೋಟೆಲ್ ಕೆಲಸಕ್ಕೆ ಹೋದ ಅಜ್ಜ, ಗಲ್ಫ್ ವೀಸಾಕ್ಕಾಗಿ ತಿಂಗಳುಗಟ್ಟಲೆ ಕಾದು ಕುಳಿತ ಅಪ್ಪ ತಂಗಿದ್ದು ಅಲ್ಲಿನ ಚಾಳುಗಳಲ್ಲಿ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿಯೂ ಆ ವಿಳಾಸದ ಒಂದು ಕಾಗದ ಇದ್ದೀತು. ಇಂದು ಆ ಚಾಳುಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಅವುಗಳ ಜಾಗದಲ್ಲಿ ಲಿಫ್ಟ್ ಇರುವ ಗೋಪುರಗಳು ಏಳುತ್ತಿವೆ. ಇದಕ್ಕೆ 'ಪುನರಭಿವೃದ್ಧಿ' ಎಂದು ಹೆಸರು. ಹೆಸರು ಚೆನ್ನಾಗಿದೆ. ಆದರೆ ಒಳಗಿರುವ ಲೆಕ್ಕಗಳು ನಮ್ಮ ಸಹೋದರಿಯರಿಗೆ ಗೊತ್ತಿರುವುದಿಲ್ಲ, ಸಹಿಗಾಗಿ ಮಾತ್ರ ಅವರನ್ನು ಕರೆಯುತ್ತಾರೆ.

ನನ್ನ ಚಿಕ್ಕಮ್ಮನ ಮಗಳೊಬ್ಬಳು 1998ರಲ್ಲಿ ಮದುವೆಯಾಗಿ ಡೋಂಗ್ರಿಯ ಒಂದು ಕೋಣೆಗೆ ಹೋದಳು. ಮೂರನೇ ಮಹಡಿ, ಮರದ ಮೆಟ್ಟಿಲು, ಇಡೀ ಮಹಡಿಗೆ ಎರಡು ಶೌಚಾಲಯ. ಬಿ.ಎ. ಮುಗಿಸಿದ ವರ್ಷ ನಾನು ಅಲ್ಲಿ ಒಂದು ವಾರ ಇದ್ದೆ. ಬೆಳಗ್ಗೆ ಸುಬ್‌ಹ್ ನಮಾಝಿಗೆ ಮುಂಚೆಯೇ ನೀರಿಗಾಗಿ ಏಳಬೇಕಿತ್ತು. ಮಳೆ ಬಂದರೆ ಗೋಡೆಯ ಸುಣ್ಣ ಚಾಪೆಯ ಮೇಲೆ ಉದುರುತ್ತಿತ್ತು. ಆದರೂ ಅವಳ ಪಾಲಿಗೆ ಅದು ಮನೆ. ಬಾಡಿಗೆ ತಿಂಗಳಿಗೆ ನೂರೈವತ್ತು ರೂಪಾಯಿಗೂ ಕಡಿಮೆ. ಪಕ್ಕದ ಹೆಂಗಸರ ಬಟ್ಟೆ ಹೊಲಿದು ಅವಳು ತಿಂಗಳಿಗೆ ಅದರ ಹತ್ತು ಪಟ್ಟು ಸಂಪಾದಿಸುತ್ತಿದ್ದಳು.

ಇಷ್ಟು ಕಡಿಮೆ ಬಾಡಿಗೆ ಹೇಗೆ ಎಂದು ನೀವು ಕೇಳಬಹುದು. ಮುಂಬಯಿಯ 1947ರ ಬಾಡಿಗೆ ಕಾಯ್ದೆಯು ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧ ಮತ್ತು ವಿಭಜನೆಯ ಕಾಲದ ಮನೆ ಅಭಾವದಲ್ಲಿ ಅದು ಬಡವರಿಗೆ ರಕ್ಷಣೆಯಾಗಿತ್ತು. ಆದರೆ ಕಾಯ್ದೆ ಬದಲಾಗಲಿಲ್ಲ, ಬೆಲೆಗಳು ಬದಲಾದವು. ಬಾಡಿಗೆ ಚಹಾದ ಖರ್ಚಿಗೂ ಸಾಲದಂತಾದಾಗ ಮಾಲಿಕ ರಿಪೇರಿಯನ್ನು ಬಿಟ್ಟುಬಿಟ್ಟ. ಮಾಲಿಕನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ. ಅವರಲ್ಲಿಯೂ ವಿಧವೆಯರಿದ್ದರು, ಅನಾಥ ಮಕ್ಕಳಿದ್ದರು, ಧರ್ಮದತ್ತಿಗಳಿದ್ದವು. ಇಡೀ ಕಟ್ಟಡದ ಬಾಡಿಗೆಯಲ್ಲಿ ಒಂದು ಮೆಟ್ಟಿಲನ್ನೂ ಸರಿಪಡಿಸಲಾಗದ ಸ್ಥಿತಿ ಅವರದು.

ಕಾನೂನಿನ ಬಾಡಿಗೆ ಹೀಗಿರುವಾಗ ಹಿಂಬಾಗಿಲಿನಿಂದ 'ಪಗಡಿ' ಬಂತು. ಕೋಣೆ ಹಿಡಿಯುವಾಗ ಮಾಲಿಕನಿಗೆ ದೊಡ್ಡ ಮೊತ್ತ ಕೊಡುವುದು, ಬಿಟ್ಟುಕೊಡುವಾಗ ಬೇರೆಯವರಿಂದ ಇನ್ನೂ ದೊಡ್ಡ ಮೊತ್ತ ಪಡೆದು ಮಾಲಿಕನಿಗೆ ಪಾಲು ಕೊಡುವುದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯು ಇದಕ್ಕೆ ಕಾನೂನಿನ ಮಾನ್ಯತೆ ನೀಡಿತು. ನನ್ನ ಸಹೋದರಿಯ ಮಾವ ಆ ಕೋಣೆಗಾಗಿ ಊರಿನ ತೆಂಗಿನ ತೋಟದ ಒಂದು ತುಂಡನ್ನು ಮಾರಿದ್ದರು. ಈ ಮಾತು ನೆನಪಿಡಿ, ಮುಂದೆ ಬರುತ್ತದೆ.

1969ರಲ್ಲಿ ಸರಕಾರವು ಇಂತಹ ಹಳೆಯ ಕಟ್ಟಡಗಳ ಮೇಲೆ ರಿಪೇರಿ ಸೆಸ್ ಎಂಬ ತೆರಿಗೆ ಹಾಕಿತು. ದ್ವೀಪ ನಗರದ 19,000ಕ್ಕೂ ಹೆಚ್ಚು ಕಟ್ಟಡಗಳು ಅದರ ವ್ಯಾಪ್ತಿಗೆ ಬಂದವು. ತೆರಿಗೆ ಕಟ್ಟಿದರೆ ಸರಕಾರಿ ಮಂಡಳಿ ರಿಪೇರಿ ಮಾಡಿಸುತ್ತದೆ ಎಂಬುದು ಒಪ್ಪಂದ. ಮಂಡಳಿಯು ಕಂಬಗಳಿಗೆ ಊರೆ ಕೊಟ್ಟಿತು, ಗೋಡೆಗಳಿಗೆ ಸಿಮೆಂಟ್ ಮೆತ್ತಿತು. ಆದರೆ ನೂರು ವರ್ಷದ ಮರದ ತೊಲೆಗೆ ಎಷ್ಟು ಊರೆ ಕೊಟ್ಟರೇನು?

2017ರ ಆಗಸ್ಟ್ 31ರ ಬೆಳಗ್ಗೆ, ಬಕ್ರೀದ್‌ಗೆ ಎರಡು ದಿನ ಇರುವಾಗ, ಭಿಂಡಿ ಬಝಾರಿನ ಪಾಕ್‌ಮೋಡಿಯಾ ಬೀದಿಯ ಹುಸೈನಿ ಕಟ್ಟಡ ಕುಸಿದು 33 ಮಂದಿ ಸತ್ತರು. 2019ರ ಜುಲೈಯಲ್ಲಿ ಡೋಂಗ್ರಿಯ ಕೇಸರ್‌ಬಾಯಿ ಕಟ್ಟಡ ಕುಸಿದು ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಹುಸೈನಿ ಕಟ್ಟಡ ಅಪಾಯಕಾರಿ ಎಂದು ವರ್ಷಗಳ ಮುಂಚೆಯೇ ಘೋಷಣೆಯಾಗಿತ್ತು. ಕೆಲವು ಕುಟುಂಬಗಳು ತಾತ್ಕಾಲಿಕ ವಸತಿಗೆ ಹೋಗಿದ್ದವು, ಕೆಲವು ಉಳಿದಿದ್ದವು. ಹೋಗಬಾರದಿತ್ತೇ ಎಂದು ದೂರದಲ್ಲಿ ಕುಳಿತ ನಮಗೆ ಅನಿಸುತ್ತದೆ. ಒಮ್ಮೆ ಬಿಟ್ಟರೆ ಮರಳಿ ಸಿಗುವುದೋ ಇಲ್ಲವೋ ಎಂಬ ಹೆದರಿಕೆ ಏನೆಂದು ಮನೆ ಬಿಟ್ಟವರಿಗಷ್ಟೇ ಗೊತ್ತು.

ಪುಕ್ಕಟೆ ಮನೆಯ ಗುಟ್ಟು

ಹುಸೈನಿ ಕಟ್ಟಡವಿದ್ದ ಪ್ರದೇಶವೇ ದೊಡ್ಡದೊಂದು ಯೋಜನೆಯ ಭಾಗ. ದಾವೂದಿ ಬೊಹ್ರಾ ಸಮುದಾಯದ ಅಂದಿನ ಧರ್ಮಗುರು ಸೈಯದ್ನಾ ಮುಹಮ್ಮದ್ ಬುರ್ಹಾನುದ್ದೀನ್ ಅವರ ಆಶಯದಂತೆ 2009ರಲ್ಲಿ ಸೈಫೀ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಹದಿನಾರೂವರೆ ಎಕರೆ, ಸುಮಾರು 250 ಕಟ್ಟಡ, 3,200 ಕುಟುಂಬ, 1,250 ಅಂಗಡಿ. ಟ್ರಸ್ಟ್ ಮಾಲಿಕರಿಂದ ಕಟ್ಟಡಗಳನ್ನು ಖರೀದಿಸಿತು, ನಿವಾಸಿಗಳನ್ನು ತಾತ್ಕಾಲಿಕ ವಸತಿಗಳಿಗೆ ಕಳುಹಿಸಿತು. ಪ್ರತಿ ಕುಟುಂಬಕ್ಕೆ ಕನಿಷ್ಠ 350 ಚದರ ಅಡಿಯ, ಒಳಗೇ ಶೌಚಾಲಯವಿರುವ ಸ್ವಂತ ಮನೆ ಎಂಬುದು ಮಾತು. ಮೊದಲ ಗೋಪುರಗಳಲ್ಲಿ ಜನ ಈಗಾಗಲೇ ವಾಸವಾಗಿದ್ದಾರೆ. ಲಾಭದ ಉದ್ದೇಶವಿಲ್ಲದ, ಹಿಂದೆ ಒಂದು ಸಮುದಾಯ ನಿಂತಿರುವ ಯೋಜನೆಗೇ ಇಷ್ಟು ವರ್ಷ ಬೇಕಾಯಿತು ಎಂಬುದನ್ನು ಗಮನಿಸಿ. ಹೆಚ್ಚಿನ ಕಡೆಗಳಲ್ಲಿ ಇಂತಹ ಟ್ರಸ್ಟ್ ಇಲ್ಲ, ಖಾಸಗಿ ಬಿಲ್ಡರ್ ಇದ್ದಾನೆ.

ಬಿಲ್ಡರ್ ಪುಕ್ಕಟೆಯಾಗಿ ಮನೆ ಕೊಡುವುದು ಹೇಗೆ? ಮದುವೆ ಮನೆಯ ಅಡುಗೆಯವನು ಮನೆಯವರಿಗೆ ಪುಕ್ಕಟೆ ಬಡಿಸಿ, ಮಿಕ್ಕ ಬಿರಿಯಾನಿಯನ್ನು ಹೊರಗೆ ಮಾರಿ ಅಕ್ಕಿ, ಮಾಂಸ, ಕೂಲಿ ಎಲ್ಲವನ್ನೂ ಹುಟ್ಟಿಸಿಕೊಂಡಂತೆ. ಜಾಗದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕಕ್ಕೆ ಎಫ್.ಎಸ್.ಐ. ಎನ್ನುತ್ತಾರೆ. ಭಿಂಡಿ ಬಝಾರಿನಂತಹ ಸಮೂಹ ಯೋಜನೆಗಳಿಗೆ ನಾಲ್ಕು ಪಟ್ಟಿನ ನಿಯಮವಿದೆ. ಹಳೆಯ ನಿವಾಸಿಗಳ ಪಾಲು ಕಳೆದು ಉಳಿದದ್ದನ್ನು ಮಾರುಕಟ್ಟೆ ದರಕ್ಕೆ ಮಾರಬಹುದು. ಮಾಲಿಕನಿಗೂ ಅದರಲ್ಲೇ ಪಾಲು. ಹಾಗಾಗಿ ನಿಮ್ಮ 'ಪುಕ್ಕಟೆ' ಮನೆ ಕಟ್ಟಲ್ಪಡುವುದು ಮೇಲಿನ ಮಹಡಿಗಳು ಮಾರಾಟವಾಗುವ ಭರವಸೆಯ ಮೇಲೆ. ಮಾರುಕಟ್ಟೆ ಕುಸಿದರೆ, ಬ್ಯಾಂಕ್ ಸಾಲ ನಿಂತರೆ, ನಿಮ್ಮ ಮನೆಯೂ ನಿಲ್ಲುತ್ತದೆ. ಹಾಗೆ ನಿಂತುಹೋದ ಯೋಜನೆಗಳು ಮುಂಬಯಿಯಲ್ಲಿ ಬೇಕಾದಷ್ಟಿವೆ. ಅಂಥವನ್ನು ಸರಕಾರಿ ವಸತಿ ಸಂಸ್ಥೆಯಾದ ಮ್ಹಾಡಾ ವಶಪಡಿಸಿಕೊಂಡು ಪೂರ್ಣಗೊಳಿಸಲು ಅವಕಾಶ ಕೊಡುವ ತಿದ್ದುಪಡಿಗೆ ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 2022ರಲ್ಲಿ.

ಎಲ್ಲರೂ ಒಪ್ಪಬೇಕೆಂದಿಲ್ಲ ಎಂಬುದನ್ನೂ ತಿಳಿದಿರಿ. ಮೊದಲು ಶೇ. 70ರಷ್ಟು ನಿವಾಸಿಗಳ ಒಪ್ಪಿಗೆ ಬೇಕಿತ್ತು, ಬಳಿಕ ಅದನ್ನು ಶೇ. 51ಕ್ಕೆ ಇಳಿಸಲಾಯಿತು. ನೂರು ಮನೆಗಳ ಚಾಳಿನಲ್ಲಿ 51 ಸಹಿ ಬಿದ್ದರೆ ಉಳಿದ 49 ಮನೆಗಳೂ ಹೊರಡಬೇಕಾಗುತ್ತದೆ.

ನನ್ನ ಸಹೋದರಿಯ ಕುಟುಂಬ 2014ರಲ್ಲಿ ಕೋಣೆ ಬಿಟ್ಟಿತು. ಮೂರು ವರ್ಷದಲ್ಲಿ ಮನೆ, ಅಲ್ಲಿಯವರೆಗೆ ಬೇರೆಡೆ ವಾಸಕ್ಕೆ ತಿಂಗಳ ಬಾಡಿಗೆ ಎಂದು ಬಿಲ್ಡರ್ ಬರೆದುಕೊಟ್ಟಿದ್ದ. ಆ ಹಣಕ್ಕೆ ಡೋಂಗ್ರಿಯಲ್ಲಿ ಮನೆ ಸಿಗದೆ ಮುಂಬ್ರಾಕ್ಕೆ ಹೋದರು. ಹದಿನೆಂಟು ತಿಂಗಳ ನಂತರ ಚೆಕ್ ಬರುವುದು ನಿಂತಿತು. ಮಗಳ ಶಾಲೆ ತಪ್ಪಿತು. ಗಂಡ ದಿನಕ್ಕೆ ಮೂರು ಗಂಟೆ ಲೋಕಲ್ ರೈಲಿನಲ್ಲಿ ಕಳೆಯುತ್ತಾರೆ. ಅವಳ ಹೊಲಿಗೆ ಯಂತ್ರ ಮುಂಬ್ರಾಕ್ಕೆ ಬಂತು, ಗಿರಾಕಿಗಳು ಬರಲಿಲ್ಲ. ಯೋಜನೆಯ ಯಾವ ಕಾಗದದಲ್ಲಿಯೂ ಈ ನಷ್ಟಕ್ಕೆ ಒಂದು ಸಾಲು ಇರಲಿಲ್ಲ. ಗಂಡನ ಉದ್ಯೋಗ ಏನೆಂದು ಫಾರ್ಮಿನಲ್ಲಿ ಕೇಳಿದ್ದರು. ಅವಳ ಹೆಸರಿನ ಮುಂದೆ 'ಗೃಹಿಣಿ' ಎಂದು ಅವರೇ ಬರೆದುಕೊಂಡಿದ್ದರು.

ಬಾಡಿಗೆ ಹೋಗಿ ತೆರಿಗೆ ಬಂತು

ಮನೆ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಅಲ್ಲಿಂದ ಹೊಸ ಲೆಕ್ಕ ಶುರುವಾಗುತ್ತದೆ. ಲಿಫ್ಟ್, ನೀರಿನ ಪಂಪು, ಕಾವಲುಗಾರ, ಬೆಂಕಿ ನಂದಿಸುವ ವ್ಯವಸ್ಥೆ ಎಲ್ಲದರ ಖರ್ಚನ್ನು ನಿವಾಸಿಗಳೇ ಹಂಚಿಕೊಳ್ಳಬೇಕು. ಉದಾಹರಣೆಗೆ ಚದರ ಅಡಿಗೆ ತಿಂಗಳಿಗೆ ಎಂಟು ರೂಪಾಯಿ ಎಂದು ಹಿಡಿದರೂ 350 ಚದರ ಅಡಿಗೆ 2,800 ರೂಪಾಯಿ. ನೂರೈವತ್ತು ಕೊಡುತ್ತಿದ್ದ ಕುಟುಂಬಕ್ಕೆ ಇದು ಹದಿನೆಂಟು ಪಟ್ಟು. ಪಿಂಚಣಿಯಿಲ್ಲದ ವೃದ್ಧ ದಂಪತಿ ಇದನ್ನು ಎಲ್ಲಿಂದ ತರಬೇಕು? ಸಹಿ ಹಾಕುವ ಮುನ್ನ ನಿರ್ವಹಣೆಗೆಂದು ಬಿಲ್ಡರ್ ಎಷ್ಟು ಇಡುಗಂಟು ಇಡುತ್ತಾನೆ, ಅದು ಯಾರ ಖಾತೆಯಲ್ಲಿರುತ್ತದೆ ಎಂದು ಕೇಳಲೇಬೇಕು. ನಾಚಿಕೆ ಬೇಡ.

ಆಸ್ತಿ ತೆರಿಗೆಯ ವಿಷಯದಲ್ಲಿ ಮುಂಬಯಿಯವರಿಗೆ ಸ್ವಲ್ಪ ಸಮಾಧಾನವಿದೆ. ಅಲ್ಲಿ 2010ರಿಂದ ತೆರಿಗೆಯನ್ನು ಬಾಡಿಗೆಯ ಬದಲು ಆಸ್ತಿಯ ಬಂಡವಾಳ ಮೌಲ್ಯದ ಮೇಲೆ ಹಾಕಲಾಗುತ್ತಿದೆ. ಆದರೆ 500 ಚದರ ಅಡಿಯವರೆಗಿನ ವಾಸದ ಮನೆಗಳಿಗೆ 2022ರ ಜನವರಿ 1ರಿಂದ ವಿನಾಯಿತಿ ಕೊಡಲಾಯಿತು. ಎರಡು ಕೋಣೆ ಒಟ್ಟುಗೂಡಿಸಿ ದೊಡ್ಡ ಮನೆ ಪಡೆಯಬೇಕೆಂಬ ಆಸೆ ನಿಮಗಿದ್ದರೆ ಈ ಗೆರೆ ಗಮನದಲ್ಲಿರಲಿ. 500 ದಾಟಿದರೆ ವಿನಾಯಿತಿಯಿಲ್ಲ. ಅಂಗಡಿಗಳಿಗಂತೂ ಮೊದಲೇ ಇಲ್ಲ.

ನಮ್ಮ ಕರ್ನಾಟಕದಲ್ಲಿ ಪಗಡಿ ಚಾಳುಗಳಿಲ್ಲ, ಆದರೆ ರಸ್ತೆ ಅಗಲೀಕರಣವಿದೆ. ಮಂಗಳೂರು, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ದಾವಣಗೆರೆ, ಬೆಳಗಾವಿ, ಬೆಂಗಳೂರು - ಏಳು ನಗರಗಳು 2015ರಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸೇರಿದವು. ಆ ಯೋಜನೆ 2025ರ ಮಾರ್ಚ್‌ನಲ್ಲಿ ಮುಗಿಯಿತು. ರಸ್ತೆ ಚೆಂದವಾದ ಬೀದಿಯಲ್ಲಿ ಭೂಮಿಯ ಮಾರ್ಗಸೂಚಿ ದರ ಏರುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಈ ದರ ಏರಿಸಲಾಯಿತು. ಬೆಂಗಳೂರಿನ ಹೊರಗಿನ ನಗರಗಳಲ್ಲಿ 2021ರ ತಿದ್ದುಪಡಿಯ ನಂತರ ಆಸ್ತಿ ತೆರಿಗೆಯನ್ನು ಈ ಮಾರ್ಗಸೂಚಿ ದರಕ್ಕೇ ಜೋಡಿಸಲಾಗಿದೆ. ಪೇಟೆ ಬೀದಿಯ ಹಂಚಿನ ಮನೆಯಲ್ಲಿ ಒಂಟಿಯಾಗಿರುವ ವಿಧವೆಯ ಆದಾಯ ಒಂದು ಪೈಸೆಯೂ ಏರಿರುವುದಿಲ್ಲ, ಮನೆ ಒಂದು ಅಡಿಯೂ ಬೆಳೆದಿರುವುದಿಲ್ಲ. ತೆರಿಗೆ ಮಾತ್ರ ಬೆಳೆದಿರುತ್ತದೆ. ಮಾರಿದರೆ ಲಾಭ ಬರುತ್ತದಲ್ಲ ಎನ್ನುವವರಿದ್ದಾರೆ. ಅವಳು ಮಾರಲು ಹೊರಟಿಲ್ಲವಲ್ಲ!

ಸರಕಾರ ಭೂಮಿ ವಶಪಡಿಸಿಕೊಳ್ಳುವಾಗ ಅನ್ವಯವಾಗುವ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ನಮ್ಮ ಸಹೋದರಿಯರು ತಿಳಿದಿರಲೇಬೇಕಾದ ಒಂದು ವಾಕ್ಯವಿದೆ. ವಿಧವೆಯರು, ವಿಚ್ಛೇದಿತೆಯರು ಮತ್ತು ಕುಟುಂಬದಿಂದ ಪರಿತ್ಯಕ್ತರಾದ ಮಹಿಳೆಯರನ್ನು ಪ್ರತ್ಯೇಕ ಕುಟುಂಬಗಳೆಂದು ಪರಿಗಣಿಸಬೇಕು ಎಂಬುದೇ ಅದು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಕ್ಕಳೊಂದಿಗೆ ಇರುವ ತಂಗಿ ಅಣ್ಣನ ಕುಟುಂಬದ ಲೆಕ್ಕದಲ್ಲಿ ಕರಗಿಹೋಗಬೇಕಾಗಿಲ್ಲ. ನಗರದಲ್ಲಿ ಆ ಜಾಗದಲ್ಲಿ ಹಿಂದಿನ ಮೂರು ವರ್ಷ ವಾಸವಿದ್ದ ಅಥವಾ ಅಲ್ಲಿಂದಲೇ ಜೀವನೋಪಾಯ ನಡೆಸುತ್ತಿದ್ದ ಕುಟುಂಬವೂ ಮಾಲಿಕತ್ವವಿಲ್ಲದಿದ್ದರೂ 'ಬಾಧಿತ ಕುಟುಂಬ'ವೇ. ಸಮೀಕ್ಷೆಯವರು ಬಂದಾಗ ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಬಾಗಿಲು ತೆರೆಯುವವರು ನೀವೇ. ನಿಮ್ಮ ಹೆಸರು, ನಿಮ್ಮ ದುಡಿಮೆ ಬರೆಸಿ.

ಹೆಣ್ಮಕ್ಕಳ ಪಾಲು

ತೋಟದ ತುಂಡು ಮಾರಿದ ಮಾತಿಗೆ ಬರೋಣ. ನನ್ನ ಸಹೋದರಿಯ ಮಾವ 2006ರಲ್ಲಿ ತೀರಿಕೊಂಡರು. ಬಾಡಿಗೆ ರಶೀದಿ ಕೊನೆಯವರೆಗೂ ಅವರ ಹೆಸರಿನಲ್ಲೇ ಇತ್ತು. ಅವರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮಹಾರಾಷ್ಟ್ರದ ಕಾಯ್ದೆಯ ಪ್ರಕಾರ ಬಾಡಿಗೆದಾರ ಸತ್ತಾಗ ಆ ಹಕ್ಕು ಅವನೊಂದಿಗೆ ವಾಸವಿದ್ದ ಕುಟುಂಬ ಸದಸ್ಯರಿಗೆ ಹೋಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಲ್ಲಿ ವಾಸವಿರುವುದಿಲ್ಲ. ಕೋಣೆ ಬಾಡಿಗೆಯದ್ದಾಗಿದ್ದಾಗ ಅವರು ಏನನ್ನೂ ಕೇಳಲಿಲ್ಲ. ಈಗ ಅದು ಬಹಳ ಬೆಲೆಯ ಸ್ವಂತ ಫ್ಲ್ಯಾಟ್ ಆಗಲಿದೆ ಎಂದಾದಾಗ ಬಿಲ್ಡರ್‌ನ ವಕೀಲರು ಅವರಿಂದ ಆಕ್ಷೇಪವಿಲ್ಲವೆಂಬ ಸಹಿ ಕೇಳಿದರು. ಉಡುಪಿಯಲ್ಲಿರುವ ನಾದಿನಿ ಸಹಿ ಹಾಕಲಿಲ್ಲ. ಅವಳ ಪ್ರಶ್ನೆ ಒಂದೇ: ಅಪ್ಪ ಪಗಡಿ ಕೊಟ್ಟದ್ದು ಯಾವ ತೋಟ ಮಾರಿದ ಹಣದಿಂದ?

ಮನೆಯಲ್ಲಿ ಅವಳನ್ನು ಆಸೆಬುರುಕಿ ಎಂದರು. ನನಗೆ ಹಾಗನ್ನಿಸುವುದಿಲ್ಲ. ಕಾಯ್ದೆಯು ಯಾರು ವಾಸ ಮುಂದುವರಿಸಬೇಕು ಎಂಬುದನ್ನು ಹೇಳುತ್ತದೆ. ಮೃತರು ಬಿಟ್ಟುಹೋದ, ಬೆಲೆಯಿರುವ ಹಕ್ಕಿನಲ್ಲಿ ಹೆಣ್ಣುಮಕ್ಕಳ ಪಾಲು ಏನು ಎಂಬುದು ನಾವು ಅಲ್ಲಾಹನ ಮುಂದೆ ಉತ್ತರಿಸಬೇಕಾದ ಪ್ರಶ್ನೆ. ಪಗಡಿಯ ಕುರಿತು ಉಲಮಾಗಳ ನಡುವೆ ಚರ್ಚೆಯಿದೆ. ಹಾಗಾಗಿ ವಿಷಯ ಬಲ್ಲ ಆಲಿಮರೊಬ್ಬರನ್ನೂ ವಕೀಲರೊಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು. ಅದನ್ನು ಕೋಣೆ ಖಾಲಿ ಮಾಡುವ ಮೊದಲೇ ಕೇಳಬೇಕಿತ್ತು. ನಾದಿನಿಯರು ಸುಮ್ಮನಿದ್ದಾರೆ ಎಂದರೆ ಬಿಟ್ಟುಕೊಟ್ಟಿದ್ದಾರೆ ಎಂದರ್ಥವಲ್ಲ.

ಕಳೆದ ವರ್ಷ ಬೇರೊಬ್ಬ ಬಿಲ್ಡರ್ ಆ ಯೋಜನೆಯನ್ನು ವಹಿಸಿಕೊಂಡಿದ್ದಾನೆ. ಕಟ್ಟಡ ಏಳನೇ ಮಹಡಿಗೆ ಬಂದಿದೆಯಂತೆ. ಸಹೋದರಿ ಫೋನ್ ಮಾಡಿ, "ನೀನು ಓದಿದವಳು, ನಾದಿನಿಗೆ ಒಂದು ಪತ್ರ ಬರೆದುಕೊಡು" ಎಂದಳು. ಸಹಿ ಹಾಕಿಸಿಕೊಳ್ಳುವ ಪತ್ರವೋ, ಪಾಲು ಒಪ್ಪಿಕೊಳ್ಳುವ ಪತ್ರವೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರನ್ನು ಕೇಳಿ ಹೇಳುತ್ತೇನೆ" ಎಂದಳು. ಮೂರು ದಿನಗಳ ನಂತರ ಅವಳ ಗಂಡನೇ ಫೋನ್ ಮಾಡಿದರು. ಫ್ಲ್ಯಾಟಿನ ಬೆಲೆ ಕಟ್ಟಿಸಿ, ತಂಗಿಯರ ಪಾಲನ್ನು ಕಂತುಗಳಲ್ಲಿ ಕೊಡುವುದಾಗಿ ಬರೆಯಲು ಹೇಳಿದರು. ಅಣ್ಣ ಇನ್ನೂ ಒಪ್ಪಿಲ್ಲವಂತೆ. ಪತ್ರದ ಕರಡು ನನ್ನ ಮೇಜಿನ ಮೇಲಿದೆ, ಕಂತಿನ ಮೊತ್ತದ ಜಾಗ ಖಾಲಿ ಬಿಟ್ಟಿದ್ದೇನೆ.