ಗಾಳಕ್ಕೆ ಜೀವಂತ ಕಪ್ಪೆ ಏಕೆ, ರಬ್ಬರ್ ಕಪ್ಪೆ ಸಾಲದೆ?

ಮೈಸೂರಿಗೂ ಗಾಳಕ್ಕೂ ಹಳೆಯ ನಂಟು. ಪ್ರಾಣಿಗಳ ಚರ್ಮ ಹದ ಮಾಡಿ ಜೀವ ಇರುವಂತೆಯೇ ನಿಲ್ಲಿಸುವ ಕೆಲಸಕ್ಕೆ ಹೆಸರಾಗಿದ್ದ ಇಲ್ಲಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್, 1946ರ ಮಾರ್ಚ್‌ನಲ್ಲಿ ಕಬಿನಿ ಹೊಳೆಯಲ್ಲಿ ಗಾಳಕ್ಕೆ ಬೀಳಿಸಿದ ಮಹಶೀರ್ 120 ಪೌಂಡ್ ತೂಗಿತ್ತು; ಕಿಲೊ ಲೆಕ್ಕದಲ್ಲಿ ಸುಮಾರು 54. ಆಗ ಗಾಳವೆಂದರೆ ಉಳ್ಳವರಿಗೆ ಶೋಕಿ, ಹೊಳೆದಂಡೆಯ ಹಳ್ಳಿಗಳವರಿಗೆ ಸಾರಿನ ದಾರಿ. ಈಗ ಇವೆರಡರ ನಡುವೆ ಮೂರನೆಯ ಗುಂಪು ಬೆಳೆದಿದೆ. ಕುವೆಂಪುನಗರ, ರಾಮಕೃಷ್ಣನಗರದಂಥ ಬಡಾವಣೆಗಳ ಉದ್ಯೋಗಸ್ಥ ಹುಡುಗರು ರಜೆಯ ದಿನ ರಾಡು, ರೀಲು ಹೊತ್ತು ನಾಲೆ, ಕೆರೆ, ಹಿನ್ನೀರುಗಳ ದಾರಿ ಹಿಡಿಯುತ್ತಾರೆ. ಇವರಿಗೆ ಮೀನು ಹೊಟ್ಟೆಪಾಡಲ್ಲ, ಹವ್ಯಾಸ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರಿಗೂ ಗಾಳದ ಹುಚ್ಚಿತ್ತೆಂಬುದು ಅವರ ಓದುಗರಿಗೆಲ್ಲ ಗೊತ್ತು. ಹಾಗಾಗಿ ಈ ಹವ್ಯಾಸವನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ಇಲ್ಲಿನ ಪ್ರಶ್ನೆ ಒಂದೇ: ಕೊಕ್ಕೆಗೆ ಏನನ್ನು ಚುಚ್ಚಬೇಕು? ಹವ್ಯಾಸಕ್ಕೆ ಗಾಳ ಹಾಕುವವರು ಜೀವಂತ ಕಪ್ಪೆ, ಜೀವಂತ ಮೀನುಮರಿಗಳನ್ನು ಬಿಟ್ಟು ಮೆತ್ತನೆಯ ರಬ್ಬರಿನಂಥ ಕೃತಕ ಎರೆಗೆ ಬದಲಾಗಬೇಕು ಎಂಬುದು ನನ್ನ ವಾದ.

ನಮ್ಮ ಕೆರೆಗಳಲ್ಲಿ ಈ ಪ್ರಶ್ನೆ ಮುಖ್ಯವಾಗಿ ಏಳುವುದು ಕೊರವ ಮೀನಿನ ವಿಷಯದಲ್ಲಿ. ಪೇಟೆಯಲ್ಲಿ ಮುರಲ್ ಎಂದು ಮಾರುವ ಈ ಮೀನಿನ ತಲೆ ಹಾವಿನ ತಲೆಯನ್ನು ಹೋಲುತ್ತದೆ. ಅದು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು. ಆದ್ದರಿಂದ ಬೇರೆ ಮೀನು ಬದುಕಲಾರದ ಕೆಸರು ನೀರಿನಲ್ಲಿ, ಜೊಂಡು ಮತ್ತು ಅಂತರಗಂಗೆಯ ನಡುವೆ ಹೊಂಚು ಹಾಕುತ್ತದೆ. ಮೇಲೆ ಕಪ್ಪೆ ಈಜಿದರೆ ಒಂದೇ ನೆಗೆತಕ್ಕೆ ನುಂಗುತ್ತದೆ. ಇದನ್ನು ಬಲ್ಲವರು ಗದ್ದೆ ಬದುವಿನಲ್ಲಿ ಕಪ್ಪೆ ಹಿಡಿದು, ತೊಡೆಗೋ ಬೆನ್ನಿನ ಚರ್ಮಕ್ಕೋ ಕೊಕ್ಕೆ ಚುಚ್ಚಿ ಜೊಂಡಿನ ಪಕ್ಕಕ್ಕೆ ಎಸೆಯುತ್ತಾರೆ. ಕಪ್ಪೆ ಸೋಲುವವರೆಗೆ ಕಾಲು ಬಡಿಯುತ್ತದೆ. ಸೋತ ಮೇಲೆ ಅದನ್ನು ಕಿತ್ತು ಬಿಸಾಡಿ ಇನ್ನೊಂದನ್ನು ಚುಚ್ಚುತ್ತಾರೆ. ಮೀನು ಸಿಗಲಿ ಬಿಡಲಿ, ಹಲವು ಕಪ್ಪೆಗಳ ಜೀವ ಹೋಗಿರುತ್ತದೆ.

ಇದಕ್ಕೆ ಬದಲಾಗಿ ಬಂದಿರುವ ರಬ್ಬರ್ ಕಪ್ಪೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮೈ ಟೊಳ್ಳು, ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗುವಷ್ಟು ಮೆತ್ತಗೆ. ಹೊಟ್ಟೆಯೊಳಗಿಂದ ಹೊರಬಂದ ಜೋಡಿ ಕೊಕ್ಕೆ ಬೆನ್ನಿಗೆ ಅಂಟಿಕೊಂಡಂತೆ ಮೇಲ್ಮುಖವಾಗಿ ಮಲಗಿರುತ್ತದೆ. ಅದರಿಂದಾಗಿ ತಾವರೆ ಎಲೆಯ ಮೇಲೆ ಎಳೆದರೂ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಹಿಂದೆ ಎರಡು ಕುಚ್ಚುಗಳು, ಅವೇ ಕಾಲು. ರಾಡಿನ ತುದಿಯನ್ನು ಸಣ್ಣಗೆ ಜಗ್ಗಿ ಬಿಟ್ಟರೆ ಅದು ನಿಂತು ನಿಂತು ಈಜುತ್ತದೆ. ಮೀನು ಕಚ್ಚಿದಾಗ ಹೊಟ್ಟೆ ಒಳಕ್ಕೆ ಕುಗ್ಗಿ ಕೊಕ್ಕೆಯ ಮೊನೆಗಳು ಹೊರಬರುತ್ತವೆ. ಕೊರವ ಇದಕ್ಕೆ ಮೋಸಹೋಗಲು ಕಾರಣವಿದೆ. ಅದು ಬೇಟೆಯನ್ನು ಗುರುತಿಸುವುದು ಹೆಚ್ಚಾಗಿ ಕಣ್ಣಿನಿಂದ ಮತ್ತು ಮೈಯ ಪಕ್ಕದ ಗೆರೆಯಿಂದ. ನೀರಿನ ಅಲುಗಾಟವನ್ನು ಆ ಗೆರೆ ಗ್ರಹಿಸುತ್ತದೆ. ಚಲನೆ ಸರಿಯಾಗಿದ್ದರೆ ಮೂಸಿ ನೋಡುವ ವ್ಯವಧಾನ ಅದಕ್ಕಿಲ್ಲ. ಉತ್ತರ ಅಮೆರಿಕದ ಸರೋವರಗಳಲ್ಲಿ ವಾಲ್‌ಐ ಎಂಬ ಮೀನಿನದೂ ಹೆಚ್ಚುಕಡಿಮೆ ಇದೇ ಕಥೆ. ಬೆಳಕನ್ನು ಪ್ರತಿಫಲಿಸುವ ಪದರ ಅದರ ಕಣ್ಣಿನಲ್ಲಿರುವುದರಿಂದ ಮುಸ್ಸಂಜೆಯ ಮಬ್ಬಿನಲ್ಲೂ ಬೇಟೆ ಕಾಣುತ್ತದೆ. ಜಿಗಣೆ, ಎರೆಹುಳು, ಜೀವಂತ ಮರಿಮೀನು ಬಿಟ್ಟರೆ ಅದು ಬೇರೇನನ್ನೂ ಕಚ್ಚದು ಎಂದು ನಂಬಿದ್ದ ಅಲ್ಲಿನ ಬಹಳಷ್ಟು ಗಾಳಗಾರರು ಈಗ ಮೆತ್ತನೆ ಪ್ಲಾಸ್ಟಿಕ್ಕಿನ ಮರಿಮೀನುಗಳನ್ನೇ ಬಳಸುತ್ತಾರೆ.

ಜೀವಂತ ಎರೆಗೇ ಹೆಚ್ಚು ಮೀನು ಬೀಳುತ್ತದೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯ ಇಲ್ಲದಿಲ್ಲ. ನೀರು ತಣ್ಣಗಿದ್ದು ಮೀನು ಮಂಕಾಗಿದ್ದರೆ, ನೀರು ರಾಡಿಯಾಗಿದ್ದರೆ, ವಾಸನೆ ಹಿಡಿದು ಬರುವ ಜಾತಿಯಾಗಿದ್ದರೆ ರಬ್ಬರ್ ಸೋಲುತ್ತದೆ. ಆದರೆ ವಾಸನೆ ಬೇಕಾದ ಕಡೆ ಜೀವವೇ ಬೇಕೆಂದಿಲ್ಲ. ಕಾವೇರಿ ದಡದವರು ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ಉಂಡೆ ಕಟ್ಟಿ ಕೊಕ್ಕೆಗೆ ಹಚ್ಚಿ ಮಹಶೀರ್ ಹಿಡಿಯುವುದು ಅವರ ರೂಢಿ. 1977–78ರಲ್ಲಿ ಇಂಗ್ಲೆಂಡಿನಿಂದ ಕಾವೇರಿಗೆ ಬಂದ ಮೂವರು ಗಾಳಗಾರರ ತಂಡ ಸ್ಥಳೀಯರ ನೆರವಿನಿಂದ ದೊಡ್ಡ ದೊಡ್ಡ ಮಹಶೀರ್ ಹಿಡಿದು ಸುದ್ದಿಯಾದ ಮೇಲೆ ಈ ರಾಗಿ ಉಂಡೆ ಹೊರದೇಶದ ಗಾಳಗಾರರ ಬಾಯಲ್ಲೂ ಹೆಸರಾಯಿತು. ನಾಡಿನ ಅತಿ ದೊಡ್ಡ ಹೊಳೆಮೀನುಗಳಲ್ಲೊಂದು ಮುದ್ದೆಯ ಹಿಟ್ಟಿಗೆ ಬಾಯಿ ಹಾಕುವಾಗ, ಜೀವಂತ ಪ್ರಾಣಿ ಇಲ್ಲದೆ ಗಾಳ ನಡೆಯದು ಎನ್ನುವ ಮಾತು ನಿಲ್ಲುವುದಿಲ್ಲ. ಕಣ್ಣಿಗೆ ಬೀಳುವ ಚಲನೆಗೆ ಎರಗುವ ಕೊರವನಿಗೆ ರಬ್ಬರ್, ಮೂಸಿ ತಿನ್ನುವ ಗೆಂಡೆ ಜಾತಿಗೆ ಹಿಟ್ಟು: ಈ ಎರಡರಲ್ಲಿ ಹವ್ಯಾಸಿಯ ಅಗತ್ಯವೆಲ್ಲ ಮುಗಿಯುತ್ತದೆ.

ರಬ್ಬರಿಗೆ ಬದಲಾಗಲು ಮೊದಲ ಕಾರಣ ಹಿಡಿದ ಮೀನಿನ ಗತಿಗೆ ಸಂಬಂಧಿಸಿದ್ದು. ಹಿಡಿದು ಮತ್ತೆ ನೀರಿಗೆ ಬಿಡುವ ಪದ್ಧತಿ ಹವ್ಯಾಸಿಗಳಲ್ಲಿ ಈಗ ಬೆಳೆಯುತ್ತಿದೆ; ಮೆಚ್ಚಬೇಕಾದ ಪದ್ಧತಿ. ಆದರೆ ಬಿಟ್ಟ ಮೀನು ಬದುಕುತ್ತದೆಯೇ ಎನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೊಕ್ಕೆ ಎಲ್ಲಿ ನಾಟಿತು ಎಂಬುದು. ತುಟಿಗೆ, ದವಡೆಗೆ ನಾಟಿದ್ದರೆ ಗಾಯ ಮಾಯುತ್ತದೆ. ಗಂಟಲಿಗೋ ಕಿವಿರಿಗೋ ಹೊಟ್ಟೆಗೋ ಇಳಿದಿದ್ದರೆ ರಕ್ತ ಸೋರಿ ಸಾಯುವ ಸಂಭವ ಹೆಚ್ಚು. ನಿಜವಾದ ಆಹಾರದ ರುಚಿ ಸಿಕ್ಕ ಮೀನು ಉಗುಳದೆ ನುಂಗುತ್ತದೆ, ಆದ್ದರಿಂದ ಸಹಜ ಎರೆಯಲ್ಲಿ ಕೊಕ್ಕೆ ಆಳಕ್ಕಿಳಿಯುವುದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಮೆತ್ತನೆಯ ಪ್ಲಾಸ್ಟಿಕ್ಕನ್ನೂ ನೀರಲ್ಲಿ ಸುಮ್ಮನೆ ಬಿಟ್ಟು ಕೂತರೆ ಇದೇ ಅಪಾಯವಿದೆ ಎಂಬುದನ್ನೂ ಒಪ್ಪಬೇಕು. ಆದರೆ ರಬ್ಬರ್ ಕಪ್ಪೆಯನ್ನು ಸದಾ ಎಳೆಯುತ್ತಲೇ ಇರುತ್ತೇವೆ, ಕಚ್ಚಿದ್ದು ತಕ್ಷಣ ಕೈಗೆ ತಿಳಿಯುತ್ತದೆ, ಕೊಕ್ಕೆ ಬಾಯಲ್ಲೇ ನಿಲ್ಲುತ್ತದೆ. ಜೀವಂತ ಕಪ್ಪೆ ಕಟ್ಟಿ, ಬೆಂಡು ಮುಳುಗುವವರೆಗೆ ಕಾದು, ಆಮೇಲೆ ನುಂಗಲು ಸಮಯ ಕೊಟ್ಟು ಎಳೆಯುವವರು ಹಿಡಿದ ಮೀನನ್ನು ಬಿಟ್ಟರೂ ಪ್ರಯೋಜನ ಕಡಿಮೆ.

ಎರಡನೆಯದು ಕಪ್ಪೆಯ ಲೆಕ್ಕ. ಒಂದು ಕಾಲಕ್ಕೆ ಭಾರತದಿಂದ ಹೊರದೇಶಗಳ ಊಟದ ಮೇಜಿಗೆ ಕಪ್ಪೆ ಕಾಲುಗಳು ಸಾವಿರಾರು ಟನ್ ಲೆಕ್ಕದಲ್ಲಿ ಹೋಗುತ್ತಿದ್ದವು. ಕಪ್ಪೆ ಕಡಿಮೆಯಾದರೆ ಗದ್ದೆಯಲ್ಲಿ ಕೀಟ ಹೆಚ್ಚುತ್ತದೆ, ಅದಕ್ಕೆ ಔಷಧಿ ಹೊಡೆಯುವ ಖರ್ಚೂ ಹೆಚ್ಚುತ್ತದೆ ಎಂಬ ಎಚ್ಚರಿಕೆಯ ನಡುವೆ 1987ರಲ್ಲಿ ಆ ರಫ್ತಿಗೆ ನಿಷೇಧ ಬಿತ್ತು. ಗಾಳಕ್ಕೆ ಹಿಡಿಯುವ ಕಪ್ಪೆ ಅಷ್ಟು ಪ್ರಮಾಣದ್ದಲ್ಲ, ನಿಜ. ಆದರೆ ಮುಂಗಾರಿನಲ್ಲಿ ಮೊಟ್ಟೆಯಿಡಲು ನೀರಿಗಿಳಿಯುವ ಕಪ್ಪೆಗಳೇ ಸುಲಭವಾಗಿ ಕೈಗೆ ಸಿಗುವುದು. ಅವುಗಳನ್ನೇ ಎತ್ತಿಕೊಂಡರೆ ಮುಂದಿನ ಪೀಳಿಗೆಗೇ ಕೈ ಹಾಕಿದಂತೆ. ಕಾನೂನಿನ ಧಾಟಿಯೂ ಇದೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಯೆಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಬರೀ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕಟ್ಟಿಹಾಕಿ ಇನ್ನೊಂದಕ್ಕೆ ಬೇಟೆಯಾಗಿಸುವುದನ್ನು ಆ ಕಾಯ್ದೆ ಅಪರಾಧವೆನ್ನುತ್ತದೆ. ಕೊಕ್ಕೆಗೆ ಚುಚ್ಚಿದ ಕಪ್ಪೆಯ ಸ್ಥಿತಿ ಇದಕ್ಕಿಂತ ಬಹಳ ಭಿನ್ನವೇನಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಕಣ್ಣಿಗೆ ಕಾಣದ್ದು. ಜೀವಂತ ಎರೆಯನ್ನು ಬಕೆಟ್ಟಿನಲ್ಲಿ ಒಯ್ಯುವಾಗ ಒಂದು ನೀರಿನ ಜೀವ ಮತ್ತೊಂದು ನೀರಿಗೆ ಹೋಗುತ್ತದೆ. ಉಳಿದ ಮರಿಗಳನ್ನು ಪಾಪ ಎಂದು ದಡದಲ್ಲೇ ನೀರಿಗೆ ಬಿಟ್ಟು ಬರುತ್ತಾರೆ. ಆ ಕರುಣೆಯೇ ಕೆರೆಗೆ ಮುಳುವಾಗಬಹುದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾವನ್ನು ನಮ್ಮವರು ಜಿಲೇಬಿ ಮೀನು ಎನ್ನುತ್ತಾರೆ; ಅದು ಈಗ ಎಷ್ಟೋ ಕೆರೆಗಳಲ್ಲಿ ನಾಡಮೀನಿನ ಜಾಗ ತಿಂದಿದೆ. ಕಾವೇರಿಯದೇ ಆದ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದದ್ದಕ್ಕೆ ಒಳ್ಳೆಯ ಉದ್ದೇಶದಿಂದ ಹೊರಗಿನಿಂದ ತಂದು ಬಿಟ್ಟ ಬೇರೊಂದು ಜಾತಿಯ ಮಹಶೀರ್ ಕೂಡ ಕಾರಣಗಳಲ್ಲೊಂದು. ಆ ಡುಬ್ಬದ ಮೀನಿಗೆ ವಿಜ್ಞಾನಿಗಳು ಸರಿಯಾದ ಗುರುತು ಕೊಟ್ಟದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ರೋಗದ ಮಾತಂತೂ ಇನ್ನೂ ಗಂಭೀರ. ಅಮೆರಿಕದ ಮಹಾಸರೋವರಗಳಲ್ಲಿ 2005–06ರ ಸುಮಾರಿಗೆ ಮೀನಿನ ಒಳಗೆ ರಕ್ತಸ್ರಾವ ಉಂಟುಮಾಡುವ ವೈರಸ್ಸೊಂದು ಕಾಣಿಸಿಕೊಂಡು ವಾಲ್‌ಐ ಸೇರಿದಂತೆ ಹಲವು ಜಾತಿಗಳು ಸತ್ತಾಗ, ಅಲ್ಲಿನ ಸರ್ಕಾರಗಳು ಜೀವಂತ ಎರೆಮೀನಿನ ಸಾಗಾಟಕ್ಕೆ ಕಡಿವಾಣ ಹಾಕಿದವು. ಅರಿಝೋನಾದಲ್ಲಿ ಎರೆಯಾಗಿ ಮಾರುತ್ತಿದ್ದ ಸಾಲಮಾಂಡರ್‌ಗಳಲ್ಲಿ ಉಭಯವಾಸಿಗಳನ್ನು ಕೊಲ್ಲುವ ವೈರಸ್ಸೂ ಶಿಲೀಂಧ್ರವೂ ಪತ್ತೆಯಾದವು. ಆ ಶಿಲೀಂಧ್ರದಿಂದ ಜಗತ್ತಿನಲ್ಲಿ ಕನಿಷ್ಠ 501 ಜಾತಿಗಳು ಕುಗ್ಗಿವೆ ಎಂದು 2019ರ ಅಧ್ಯಯನ ಲೆಕ್ಕ ಹಾಕಿತು. ನಮ್ಮ ಪಶ್ಚಿಮಘಟ್ಟದ ಕಪ್ಪೆಗಳಲ್ಲೂ ಅದು ಇರುವುದು ಗೊತ್ತಾಗಿದೆ. ರಬ್ಬರ್ ಕಪ್ಪೆಗೆ ಸೋಂಕು ತಗಲುವುದಿಲ್ಲ, ಅದು ತಪ್ಪಿಸಿಕೊಂಡು ಮರಿ ಹಾಕುವುದೂ ಇಲ್ಲ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ತೊಳೆದು ಒಣಗಿಸಿದರೆ ಸಾಕು.

ಇಲ್ಲಿಗೆ ಅತಿ ಬಲವಾದ ಆಕ್ಷೇಪ ಎದುರಾಗುತ್ತದೆ: ಈಗಾಗಲೇ ಪ್ಲಾಸ್ಟಿಕ್ಕಿನಿಂದ ಉಸಿರುಗಟ್ಟಿರುವ ಕೆರೆಗಳಿಗೆ ಇನ್ನಷ್ಟು ಪ್ಲಾಸ್ಟಿಕ್ ಹಾಕುವುದೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮೆತ್ತನೆಯ ಎರೆಗಳಲ್ಲಿ ಬಹುಪಾಲು ಪಿವಿಸಿಯವು. ಅದನ್ನು ಮೆದುವಾಗಿಸಲು ಬೆರೆಸುವ ರಾಸಾಯನಿಕ ನಿಧಾನವಾಗಿ ನೀರಿಗೆ ಸೋರುತ್ತದೆ. ಹರಿದು ಬಿದ್ದ ತುಂಡುಗಳು ನೀರಿನಲ್ಲಿ ಉಬ್ಬುತ್ತವೆ, ಕರಗುವುದಿಲ್ಲ. ಅವುಗಳನ್ನು ನುಂಗಿದ ಟ್ರೌಟ್ ಮೀನುಗಳು ಬಡಕಲಾದದ್ದನ್ನು ಅಮೆರಿಕದಲ್ಲಿ ಗಮನಿಸಿದ್ದಾರೆ. 2013ರಲ್ಲಿ ಮೇಯ್ನ್ ರಾಜ್ಯದಲ್ಲಿ ರಬ್ಬರ್ ಎರೆಯನ್ನೇ ನಿಷೇಧಿಸುವ ಮಸೂದೆ ಚರ್ಚೆಗೆ ಬಂದಿತ್ತು. ಆದರೆ ಇದು ವಸ್ತುವಿನ ಜೊತೆಗೆ ಬಳಸುವವರ ನಡತೆಗೂ ಸಂಬಂಧಿಸಿದ ದೋಷ. ಎರೆಹುಳುವಿನಂಥ ತೆಳ್ಳನೆಯ ಪ್ಲಾಸ್ಟಿಕ್ ಒಂದೆರಡು ಕಡಿತಕ್ಕೇ ಹರಿದು ಉದುರುತ್ತದೆ. ನಮ್ಮ ಕೊರವನಿಗೆ ಬಳಸುವ ಟೊಳ್ಳು ಕಪ್ಪೆ ಗಟ್ಟಿ, ಹಲವು ಮೀನಿಗೆ ಬಾಳುತ್ತದೆ, ಕೊಕ್ಕೆಯಿಂದ ಜಾರಿ ಬೀಳುವುದಿಲ್ಲ. ದಾರ ಗಟ್ಟಿಯದಿದ್ದರೆ ಕಳೆಯಲ್ಲಿ ಸಿಕ್ಕಿದ್ದನ್ನೂ ಬಿಡಿಸಿ ತರಬಹುದು. ಹರಿದದ್ದನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುವುದು ಕಷ್ಟವಲ್ಲ. ಇನ್ನೊಂದು ಕೆರೆಗೆ ಹೊಕ್ಕ ಪರಕೀಯ ಮೀನನ್ನಾಗಲಿ ರೋಗವನ್ನಾಗಲಿ ಹಾಗೆ ಜೇಬಿಗೆ ಹಾಕಿ ತರಲಾಗದು. ತಿದ್ದಬಹುದಾದ ತಪ್ಪು, ತಿದ್ದಲಾಗದ ತಪ್ಪು ಎರಡೂ ಎದುರಿಗಿದ್ದಾಗ ಮೊದಲನೆಯದನ್ನು ಆರಿಸಿ ತಿದ್ದಿಕೊಳ್ಳುವುದೇ ವಿವೇಕ.

ಮೀನಿಗೆ ಕೊಕ್ಕೆ ಹಾಕುವವರಿಗೆ ಕಪ್ಪೆಯ ಮೇಲೇಕೆ ಕರುಣೆ ಎಂದು ಕೇಳುವವರಿದ್ದಾರೆ. ಗಾಳವೇ ಬೇಡ ಎನ್ನುವವರ ನಿಲುವನ್ನು ಗೌರವಿಸುತ್ತೇನೆ. ಆದರೆ ಪೂರ್ತಿ ಅಹಿಂಸೆ ಸಾಧ್ಯವಾಗದ ಕಡೆ ಹಿಂಸೆಯನ್ನು ಕಡಿಮೆ ಮಾಡುವುದು ಅರ್ಥವಿಲ್ಲದ ಕೆಲಸವಲ್ಲ. ಇನ್ನು ಹೊಟ್ಟೆಪಾಡಿಗೆ ಮೀನು ಹಿಡಿಯುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಕೆಲವು ನೂರು ರೂಪಾಯಿ ಕೊಟ್ಟು ರಬ್ಬರ್ ಕಪ್ಪೆ ಕೊಳ್ಳಿ ಎಂದು ಅವರಿಗೆ ಉಪದೇಶಿಸುವ ಹಕ್ಕು ನಮಗಿಲ್ಲ. ಸಾವಿರಾರು ರೂಪಾಯಿಯ ರಾಡು ಕೊಂಡವರಿಗೆ ಮಾತ್ರ ಅದು ದುಬಾರಿಯಲ್ಲ.

ಆದ್ದರಿಂದ ರಜೆಯ ದಿನ ಗಾಳ ಹೊರುವ ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟು. ಅನುಮತಿ ಇರುವ ನೀರಿನಲ್ಲಷ್ಟೇ ಗಾಳ ಹಾಕಿ. ನಮ್ಮ ನೆರೆಯ ಲಿಂಗಾಂಬುಧಿ ಕೆರೆಯಂಥ ಹಕ್ಕಿಗಳ ತಾಣಗಳನ್ನು ಹಕ್ಕಿಗಳಿಗೇ ಬಿಡಿ. ಕಪ್ಪೆಯನ್ನು ಗದ್ದೆಯಲ್ಲಿ, ಮರಿಮೀನನ್ನು ಅದರ ಕೆರೆಯಲ್ಲಿ ಇರಗೊಡಿ. ಕೆಂಪು ಮರಿಗಳ ಹಿಂಡನ್ನು ಕಾಯುತ್ತಿರುವ ತಾಯಿ ತಂದೆ ಕೊರವಗಳ ಮುಂದೆ ರಬ್ಬರ್ ಕಪ್ಪೆಯನ್ನೂ ಎಸೆಯಬೇಡಿ. ಅವು ಸಿಕ್ಕಿಬಿದ್ದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಹರಿದ ರಬ್ಬರು, ತುಂಡಾದ ದಾರ ಎಲ್ಲವನ್ನೂ ವಾಪಸು ತನ್ನಿ. ಇಷ್ಟು ನಿಯಮಕ್ಕೆ ಒಳಪಡುವ ಮನಸ್ಸಿದ್ದರೆ ಈ ಹವ್ಯಾಸ ಕೆರೆಗೆ ಭಾರವಾಗದೆ ಮುಂದುವರಿಯಬಹುದು.